ಹಾರ್ನಿನ ಫ್ಯೂಸು, ಅಜ್ಜಿಯ ನಿಂಬೆಹಣ್ಣು

ಇಂಥ ಕಥೆಯನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಕುರಿಚಿಯ ಪಂಪ್ ಕಾರ್ಖಾನೆಯಲ್ಲಿ ಕೆಟ್ಟ ಮೋಟಾರು ಯಾಕೆ ಕೆಟ್ಟಿತು ಎಂದು ಹುಡುಕುವುದೇ ನನ್ನ ಕೆಲಸ. ಕಾರಣವಿಲ್ಲದೆ ಏನೂ ಕೆಡುವುದಿಲ್ಲ ಎಂದು ಈಗಲೂ ನಂಬಿದ್ದೇನೆ. ಆದರೂ ಇದನ್ನು ನಡೆದಂತೆ ಹೇಳಿಬಿಡುತ್ತೇನೆ, ನಗುವುದಾದರೆ ನಗಿ.

ಕೆಲವು ವರ್ಷಗಳ ಹಿಂದೆ ಹಳೇ ಕಾರೊಂದನ್ನು ಕೊಂಡಿದ್ದೆ. ಹೆಂಡತಿ ಘಾಟಿಯ ಮೇಲಿನ ವಾಲ್ಪಾರೈಯ ಶಾಲೆಯಲ್ಲಿ ಟೀಚರು, ಆಗ ತುಂಬು ಗರ್ಭಿಣಿ. ಇದು ನಡೆದ ಮರುದಿನವೇ ಅವಳನ್ನು ಹೆರಿಗೆಗೆಂದು ಘಾಟಿ ಇಳಿಸಿ ಕರೆತರಬೇಕಿತ್ತು. ಆ ತಿರುವುಗಳಲ್ಲಿ ಹಾರ್ನ್ ಇಲ್ಲದೆ ಹೋಗುವುದೆಂದರೆ ಎದುರು ಬರುವ ಬಸ್ಸಿಗೆ ತಲೆ ಕೊಟ್ಟ ಹಾಗೆ. ನನ್ನ ಕಾರಿನಲ್ಲೋ, ಹಾರ್ನ್ ಒತ್ತಿದರೆ ಸಾಕು, ಫ್ಯೂಸ್ ಸುಟ್ಟುಹೋಗುತ್ತಿತ್ತು.

ಬಾನೆಟ್ ಎತ್ತಿ ಹುಡುಕಿದೆ. ನಮ್ಮ ಮನೆ ಮಾಲೀಕರ ತಾಯಿ, ತಲೆಮಾರುಗಳಿಂದ ಈ ತಮಿಳು ಊರಲ್ಲೇ ನೆಲೆಸಿದ ಕನ್ನಡದ ಅಜ್ಜಿ, ದೃಷ್ಟಿ ತಾಕದಿರಲೆಂದು ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ದಾರ ಹರಿಯುತ್ತದೆಂದು ತಂತಿಯಲ್ಲಿ! ಆ ತಂತಿಯ ತುದಿ ಜಾಲರಿಯೊಳಗೆ ನುಗ್ಗಿ ಹಾರ್ನಿನ ವೈರ್‌ಗೆ ತಾಕಿತ್ತು.

"ನೋಡಿ ಅಜ್ಜಿ, ಫ್ಯೂಸ್ ತಿಂತಿರೋದು ನಿಮ್ಮ ನಿಂಬೆಹಣ್ಣೇ" ಎಂದು ಗೆದ್ದವನಂತೆ ಕಿತ್ತುಹಾಕಿದೆ.

ಹೊಸ ಫ್ಯೂಸ್ ಹಾಕಿ ಒತ್ತಿದೆ. ಸುಟ್ಟಿತು. ವೈರು ಬದಲಿಸಿದೆ, ಹಾರ್ನನ್ನೇ ಬದಲಿಸಿದೆ. ಮತ್ತೆ ಸುಟ್ಟಿತು. ಅಜ್ಜಿ ಬೇರೆ ನಿಂಬೆಹಣ್ಣು ತಂದು, ಈ ಸಲ ಹತ್ತಿ ದಾರದಲ್ಲಿ ಕಟ್ಟಿ, "ಈಗ ಅಮುಕ್ ನೋಡು ಸಾಮಿ" ಎಂದರು. ಹಾರ್ನ್ ಬೀದಿಗೆಲ್ಲ ಕೇಳುವಂತೆ ಕೂಗಿತು. ಬಿಚ್ಚಿದೆ, ಫ್ಯೂಸ್ ಹೋಯಿತು. ಕಟ್ಟಿದೆ, ಕೂಗಿತು. ಹಣ್ಣಿನ ಭಾರಕ್ಕೆ ಏನಾದರೂ ಅಲುಗಾಡುತ್ತಿದೆಯೇನೋ ಎಂದು ಅದೇ ದಾರದಲ್ಲಿ ಒಂದು ಆಲೂಗಡ್ಡೆ ಕಟ್ಟಿದೆ. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕರು. ಫ್ಯೂಸ್ ಹೋಯಿತು.

ಕೊನೆಗೆ ಒಂದೇ ಒಂದು ಫ್ಯೂಸ್ ಉಳಿಯಿತು. ಅದನ್ನಿಟ್ಟು ಪರೀಕ್ಷೆ ಮಾಡುವ ಧೈರ್ಯ ನನಗಾಗಲಿಲ್ಲ. ಬೆಳಿಗ್ಗೆ ನಾನೇ ಹೊಸ ನಿಂಬೆಹಣ್ಣು ಕಟ್ಟಿ ಎರಡೆರಡು ಗಂಟು ಹಾಕಿದೆ. "ಬದ್ರಮಾ ಹೋಗ್ಬಾ ಸಾಮಿ" ಎಂದರು ಅಜ್ಜಿ. ಹೆಂಡತಿಯನ್ನು ಕೂರಿಸಿಕೊಂಡು ಇಳಿಯುವಾಗ ತಿರುವು ಬಂದಾಗಲೆಲ್ಲ ಆ ಗಂಟನ್ನು ನೆನೆದು ಹಾರ್ನ್ ಒತ್ತುತ್ತಿದ್ದೆ. ಒತ್ತಿದಾಗಲೆಲ್ಲ ಹಾರ್ನ್ ಕೂಗಿತು.

ಅದೇ ಫ್ಯೂಸ್ ಈಗಲೂ ಇದೆ. ಹೊಸ ಹಣ್ಣು ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚುತ್ತೇನೆ. ನಿಜವಾದ ದೋಷ ಬೇರೆಲ್ಲೋ ಇದ್ದು, ಎಂದೋ ತಾನಾಗಿಯೇ ಸರಿಹೋಗಿರಲೂಬಹುದು. ದಾರ ಕತ್ತರಿಸಿ ಒಮ್ಮೆ ಹಾರ್ನ್ ಒತ್ತಿದರೆ ಗೊತ್ತಾಗಿಬಿಡುತ್ತದೆ. ತಿಳಿಯುವ ಆಸೆ ತಡೆಯಲಾಗದೆ ಎಷ್ಟೋ ಸಲ ಕತ್ತರಿ ಹಿಡಿದು ಕಾರಿನ ಮುಂದೆ ಕೂತಿದ್ದೇನೆ. ಅಷ್ಟರಲ್ಲಿ ಮಗಳು ಶಾಲೆಯ ಚೀಲ ಹೊತ್ತು ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಕತ್ತರಿಯನ್ನು ಒಳಗಿಟ್ಟು ಬರುತ್ತೇನೆ.