ಗಂಜಲ ಚಿಮುಕಿಸಿದ ವರ

ವರನನ್ನು ನೋಡಲು ಬರುವವರು ಮುಂಚೆಯೇ ಹೇಳಿ ಬರಬೇಕು. ಹೇಳದೆ ಎದುರಾದರೆ ಏನಾಗುತ್ತದೆ? ಕಳೆದ ಭಾನುವಾರ ಬೆಳಿಗ್ಗೆ ಚಂದ್ರಗುತ್ತಿ ಗುಡ್ಡದ ಬುಡದಲ್ಲಿ ಅದನ್ನು ಕಣ್ಣಾರೆ ಕಂಡೆ.

ನಮ್ಮದು ಮೂವರ ತಂಡ. ಶಿಕಾರಿಪುರದಿಂದ ನಾನು ಮತ್ತು ದನದ ಆಸ್ಪತ್ರೆಯ ಕಾಂಪೌಂಡರ್ ರುದ್ರಪ್ಪ. ಸೊರಬದಿಂದ ಶ್ರೀಪಾದ ಮೇಷ್ಟ್ರು. ಮಳೆಗಾಲ ಮುಗಿದ ಮೇಲೆ ಶನಿವಾರ ಆಫೀಸು ಬಿಟ್ಟೊಡನೆ ಬಸ್ಸು ಹತ್ತುತ್ತೇವೆ, ಮೇಷ್ಟ್ರ ಮನೆಯಲ್ಲಿ ಮಲಗುತ್ತೇವೆ, ಭಾನುವಾರ ಗುಡ್ಡಕ್ಕೆ ಹೋಗಿ ಚಿಟ್ಟೆ ನೋಡುತ್ತೇವೆ. (ನಮ್ಮ ಕಡೆ ಪಾತರಗಿತ್ತಿ ಅಂದರೇ ಅರ್ಥವಾಗುವುದು.) ಹಿಡಿಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ನೋಡುತ್ತೇವೆ, ಅಷ್ಟೆ. ತಾರೀಕು ಹಾಕಿ ಎಣಿಕೆ ಬರೆಯುವ ಕೆಲಸ ನನ್ನದು. ಹೆಸರು ಗೊತ್ತಿಲ್ಲದವಕ್ಕೆ ಹೆಸರಿಡುವುದೂ ನನ್ನದೇ. 'ಇಸ್ತ್ರಿ ಮಾಡಿದ ಹಳದಿ' ಎಂಬ ಚಿಟ್ಟೆ ಯಾವ ಪುಸ್ತಕದಲ್ಲೂ ಸಿಗದು.

ಗಾಡಿ ನಿಂತ ಜಾಗದಲ್ಲಿ ಎತ್ತು ಉಚ್ಚೆ ಹೊಯ್ದ ಒದ್ದೆ ಮಣ್ಣಿಗೆ ಚಿಟ್ಟೆಗಳು ಮುತ್ತುವುದನ್ನು ಮೊದಲು ಗಮನಿಸಿದವನು ರುದ್ರಪ್ಪ. ಅದರ ಉಪ್ಪು ಅವಕ್ಕೆ ಬೇಕು. ಹಾಗಾದರೆ ಅವನ್ನು ಹುಡುಕಿಕೊಂಡು ನಾವೇಕೆ ಗುಡ್ಡ ಸುತ್ತಬೇಕು? ಅವೇ ಬರಲಿ! ಅಂದಿನಿಂದ ಅವನ ಚೀಲದಲ್ಲಿ ಒಂದು ಬಾಟಲಿ ಗಂಜಲ.

ಆ ಬೆಳಿಗ್ಗೆಯೂ ಹಳ್ಳದ ಪಕ್ಕದ ಮರಳಿನಲ್ಲಿ ಕೆಲಸ ಶುರುವಾಯಿತು. ರುದ್ರಪ್ಪ ಗಂಜಲವನ್ನು ಮೇಷ್ಟ್ರ ತಾಮ್ರದ ತಂಬಿಗೆಗೆ ಸುರಿದು ನೀರು ಬೆರೆಸಿದ. ಕೈಗೆ ಸಿಕ್ಕ ಮಾವಿನ ಸೊಪ್ಪು ಅದ್ದಿ ಮರಳಿಗೆಲ್ಲ ಹದವಾಗಿ ಚಿಮುಕಿಸಿದ. ನೆಲ ಅದುರಬಾರದೆಂದು ಬರಿಗಾಲು. ಆಮೇಲೆ ಮಂಡಿಯೂರಿ, ಕೈ ಅಲ್ಲಾಡದಂತೆ ಎದೆಗೆ ಒತ್ತಿಕೊಂಡು ಕೂತ. ನಾವೂ ಉಸಿರು ಬಿಗಿಹಿಡಿದೆವು. ಮೊದಲು ಎರಡು ಬಂದವು. ನೋಡನೋಡುತ್ತ ನನ್ನ ಲೆಕ್ಕ ಮೂವತ್ತೊಂದಕ್ಕೇರಿತು.

ಹಿಂದೆ ಯಾರೋ, "ಎಂಥಾ ಭಕ್ತಿ!" ಅಂದರು.

ತಿರುಗಿದರೆ ಶಿಕಾರಿಪುರ ಮಾರುಕಟ್ಟೆಯ ದಲಾಲಿ ಬಸವಣ್ಣೆಪ್ಪನವರು, ಪಕ್ಕದಲ್ಲಿ ಅವರ ತಾಯಿ. ದೇವಿ ದರ್ಶನಕ್ಕೆ ಗುಡ್ಡ ಹತ್ತಲು ಬಂದವರು. ಮಾತು ಆ ತಾಯಿಯದು. ರುದ್ರಪ್ಪನ ಮುಖ ಬಿಳಿಚಿತು. ಬಸವಣ್ಣೆಪ್ಪನವರ ಮಗಳು ಗಿರಿಜೆಯನ್ನು ಅವನು ನೋಡಿ ಒಪ್ಪಿ ತಿಂಗಳಾಗಿತ್ತು. ಅವಳೂ ಒಪ್ಪಿದ್ದಳು. ಆ ದಿನ ಅಜ್ಜಿ ಊರಲ್ಲಿರಲಿಲ್ಲ. ಅವರ ಒಪ್ಪಿಗೆಯೊಂದೇ ಬಾಕಿ. ಆ ಅಜ್ಜಿ ಹೂಂ ಅನ್ನದೆ ಆ ಮನೆಯಲ್ಲಿ ಹೊಸ ಪೈಸೆಯೂ ಚಲಾವಣೆಯಾಗುವುದಿಲ್ಲ.

"ಇವನೇ ಏನು ಹುಡುಗ?" ಅಜ್ಜಿ ಮಗನನ್ನು ಕೇಳಿದರು. "ನೋಡು ಮತ್ತೆ! ಗುಡ್ಡ ಹತ್ತೋಕೆ ಮುಂಚೆ ನೆಲ ಶುದ್ಧ ಮಾಡ್ತಾನೆ. ಕಾಲಾಗೆ ಚಪ್ಲಿ ಇಲ್ಲ, ಬಾಯಾಗೆ ಮಾತಿಲ್ಲ. ಈಗಿನ ಕಾಲದಾಗೆ ಇಂಥೋರು ಎಲ್ಲಿ ಸಿಗ್ತಾರೆ?"

ಮೇಷ್ಟ್ರು ರುದ್ರಪ್ಪನ ಕಿವಿಯಲ್ಲಿ, "ಸುಮ್ನಿರಾ ಮಾರಾಯ, ದೇವಿನೇ ಕೊಟ್ಟಿದ್ದು" ಅಂದರು. ನನಗೂ ಹಾಗೇ ಅನ್ನಿಸಿತು. ನೀವಾಗಿದ್ದರೆ ಬಾಯಿ ಬಿಡುತ್ತಿದ್ದಿರಾ?

ರುದ್ರಪ್ಪ ಬಿಟ್ಟ.

"ಅಜ್ಜಿ, ಇದು ಪೂಜೆ ಅಲ್ರಿ. ಪಾತರಗಿತ್ತಿ ಬರ್ಲಿ ಅಂತ ಗಂಜಲ ಹಾಕೀನಿ."

"ದೇವರ ಕೆಲಸ ಮಾಡಿ, ಮಾಡಿಲ್ಲ ಅಂತಾನೆ! ಎಷ್ಟು ವಿನಯ ನೋಡು."

"ನಿಜವಾಗ್ಲೂ ರೀ. ಇಲ್ಲಿಗೆ ಆರು ಸಲ ಬಂದೀನಿ, ಮ್ಯಾಲೆ ಹತ್ತಿದ್ದು ಒಂದೇ ಸಲ. ಅದೂ ಪಾತರಗಿತ್ತಿ ಹಿಂದೆ ಹೋಗಿದ್ದು."

"ಕೆಳಗೇ ನಿಂತು ಸೇವೆ ಮಾಡ್ತಾನಂತೆ!" ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಕ್ಷಿಗೆಂದು ಅವನು ಮರಳಿನ ಕಡೆ ಕೈ ಬೀಸಿ ತೋರಿಸಿದ. ಕೈ ಬೀಸಿದ್ದೇ ತಡ, ಚಿಟ್ಟೆಗಳೆಲ್ಲ ಒಮ್ಮೆಲೇ ಎದ್ದು ಅಜ್ಜಿಯ ತಲೆಯ ಮೇಲೆ ಒಂದು ಸುತ್ತು ಹಾಕಿ ಗುಡ್ಡದ ಕಡೆ ಹಾರಿದವು.

ಅಜ್ಜಿ ಕೈ ಮುಗಿದರು.

ಬಸವಣ್ಣೆಪ್ಪನವರಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. (ಮೂಟೆ ಬಿಚ್ಚದೆ ಒಳಗಿನ ಮಾಲು ಹೇಳುವ ದಲಾಲಿ ಅವರು.) ತಾಯಿಯನ್ನು ಮುಂದೆ ಬಿಟ್ಟು ರುದ್ರಪ್ಪನ ಹತ್ತಿರ ಬಂದರು.

"ತಮ್ಮಾ, ನಮ್ಮವ್ವ ನಿನಗಿಂತ ಮುಂಚೆ ಮೂರು ಗಂಡು ಬ್ಯಾಡ ಅಂದಾಳೆ. ಹೂಂ ಅಂದಿದ್ದು ಇದೇ ಮೊದಲು. ಇನ್ನೊಂದು ಸಲ ಪಾತರಗಿತ್ತಿ ಸುದ್ದಿ ಎತ್ತೀಯ, ನೋಡು."

"ಮತ್ತೆ ಗಿರಿಜಾಗೆ?"

"ಆಕಿಗೆ ನೀನೇ ಹೇಳ್ಕೋ. ತಾಳಿ ಕಟ್ಟಿದ ಮ್ಯಾಲೆ."

ವಾರವಿಡೀ ನಾನು ಇದನ್ನೇ ಯೋಚಿಸಿದೆ. ದೇವರಿಗಾಗಿ ಮಾಡಿದೆ ಅನ್ನಿ, ಯಾರೂ ಮರುಮಾತಾಡುವುದಿಲ್ಲ. ಇಸ್ಪೀಟಿಗೆ ಹೋಗಿದ್ದೆ ಅಂದರೂ ಬೈದು ಒಪ್ಪಿಕೊಳ್ಳುತ್ತಾರೆ. ಆದರೆ ಚೆನ್ನಾಗಿದೆ ಅಂತ ಸುಮ್ಮನೆ ನೋಡಲು ಹೋಗಿದ್ದೆ ಅನ್ನಿ, ಆಣೆ ಮಾಡಿದರೂ ನಂಬುವವರಿಲ್ಲ. ಕಣ್ಣು ಕೊಟ್ಟಿರುವುದು ದಾರಿ ನೋಡಿ ನಡೆಯಲಿಕ್ಕೆ ಮಾತ್ರವೇ?

ಲಗ್ನ ಗೊತ್ತಾಗಿದೆ. ದೋಷ ಬಚ್ಚಿಟ್ಟು ಮದುವೆಯಾದ ವರರು ಊರಿಗೆ ಹತ್ತು ಮಂದಿ ಸಿಕ್ಕಾರು. ನಿಜವನ್ನೇ ಹೇಳಿ, ನಂಬಿಸಲಾಗದೆ ಹಸೆಮಣೆ ಏರುವವನನ್ನು ನೀವೆಲ್ಲಾದರೂ ಕಂಡಿದ್ದೀರಾ?