ಏನೂ ಕಡಿಮಿ ಇಲ್ರಿ

ಬಸ್ಸು ಘಟಪ್ರಭಾ ದಾಟುವ ಹೊತ್ತಿಗೆ ತೊಡೆಯ ಮೇಲಿದ್ದ ಡಬ್ಬಿ ಬೆಚ್ಚಗಾಗಿತ್ತು. ಕಿಟಕಿಯ ಬಿಸಿಲು ನೇರವಾಗಿ ಅದರ ಮೇಲೆಯೇ ಬೀಳುತ್ತಿತ್ತು. ತುಪ್ಪ, ಬೆಲ್ಲ, ಹುರಿದ ಅಂಟು, ಒಣಕೊಬ್ಬರಿ ಎಲ್ಲ ಕಲೆತ ವಾಸನೆ ರಟ್ಟಿನಿಂದ ಹೊರಗೆ ಬರತೊಡಗಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಡಬ್ಬಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಗೋಕಾಕ ಕರದಂಟ ಏನ್ರಿ?" ಎಂದಳು. ಹೌದೆಂದೆ. ಯಾರ ಮನೆಗೆ ಎಂದು ಕೇಳಲಿಲ್ಲ, ಸದ್ಯ. ಕೇಳಿದ್ದರೆ ಒಂದು ಕಾರ್ಖಾನೆಗೆ ಎಂದು ಹೇಳಬೇಕಾಗುತ್ತಿತ್ತು.

ಕರದಂಟಿನ ವಾಸನೆಗೆ ಉಳಿದವರಿಗೆ ಹಬ್ಬ ನೆನಪಾಗುತ್ತದೆ, ಬಾಣಂತನ ನೆನಪಾಗುತ್ತದೆ. ನನಗೆ ನೆನಪಾಗುವುದು ಅದನ್ನು ಬಾಯಿಗೆ ಹಾಕಿಕೊಳ್ಳಲಾಗದಿದ್ದ ಒಬ್ಬ ಹಿರಿಯರು. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಮೇಲವಂಕಿಯವರು. ಮೈಯಲ್ಲಿ ಕಸುವು ಇರುವತನಕ ಕುರಿಗಳ ಹಿಂದೆ ತಿರುಗಿ, ಆಮೇಲೆ ಹೊಲವನ್ನೂ ಹಿಂಡನ್ನೂ ಮಗನ ಕೈಗೆ ಕೊಟ್ಟವರು. ಎರಡೂ ಕಿಡ್ನಿ ಕೆಟ್ಟ ಮೇಲೆ ಮೂಡಲಗಿಯ ನಮ್ಮ ಡಯಾಲಿಸಿಸ್ ಕೇಂದ್ರಕ್ಕೆ ಬರತೊಡಗಿದರು. ಸೋಮವಾರ, ಗುರುವಾರ ಅವರ ಪಾಳಿ. ಕಿಟಕಿ ಪಕ್ಕದ ಹಾಸಿಗೆಯೇ ಬೇಕು. ಅಲ್ಲಿಂದ ರಸ್ತೆ ಕಾಣುತ್ತದೆ, ರಸ್ತೆಯಲ್ಲಿ ಯಾರದಾದರೂ ಕುರಿ ಹಾದರೆ ಅವು ಯಾವ ಊರಿನವು, ಮೈ ಹೇಗಿದೆ ಎಂದು ಮಲಗಿದಲ್ಲಿಂದಲೇ ಟೀಕೆ ಮಾಡುತ್ತಿದ್ದರು. ನಾಲ್ಕು ತಾಸು ಅವರ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಸುತ್ತಿ, ಶುದ್ಧವಾಗಿ ಮರಳಿ ಬರುವತನಕ ಆ ಕೋಣೆಯಲ್ಲಿ ಯಾರಿಗೂ ಬೇಸರ ಬರುತ್ತಿರಲಿಲ್ಲ.

ನನ್ನ ಕೆಲಸ ಆ ಕೇಂದ್ರಕ್ಕೆ ದುಡ್ಡು ಕೊಡುವ ಕಂಪನಿ ಹುಡುಕುವುದು. ಇದು ಎಂಥ ಕೆಲಸ ಎಂದು ಅವ್ವನಿಗೆ ಇವತ್ತಿಗೂ ಹೇಳಿ ಮುಗಿದಿಲ್ಲ. ಕೇಳಿದವರಿಗೆ "ಆಸ್ಪತ್ರಿಯೊಳಗ ಅದಾಳ" ಎಂದು ಹೇಳಿ ಪಾರಾಗುತ್ತಾಳೆ. ದೊಡ್ಡ ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿದೆ, ಸಿಎಸ್‌ಆರ್ ಎನ್ನುತ್ತಾರೆ. ನಮ್ಮಂಥ ಸಣ್ಣ ಟ್ರಸ್ಟುಗಳು ಅವರ ಬಾಗಿಲು ಕಾಯುತ್ತವೆ. ಹೆಣ್ಣು ನೋಡಲು ಬಂದವರ ಹಾಗೆ ಅವರೂ ಬರುತ್ತಾರೆ, ಉಪ್ಪಿಟ್ಟು ತಿನ್ನುತ್ತಾರೆ, ಎಲ್ಲ ಕೇಳುತ್ತಾರೆ, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಕಾರು ಹತ್ತುತ್ತಾರೆ. ಒಬ್ಬರಿಗೆ ನಮ್ಮ ಊರು ಅವರ ಕಾರ್ಖಾನೆಯಿಂದ ದೂರವಾಯಿತು. ಒಬ್ಬರಿಗೆ ಮುದುಕರು ಬೇಡ, ಮಕ್ಕಳು ಬೇಕು. ಇನ್ನೊಬ್ಬರು ಕಂಪನಿಯ ಬೋರ್ಡು ಹೆದ್ದಾರಿಯಿಂದ ಕಾಣುತ್ತದೆಯೇ ಎಂದು ಕೇಳಿದ್ದರು.

ಕೆಲವು ವರ್ಷಗಳ ಹಿಂದೆ ನಮಗೆ ದುಡ್ಡು ಕೊಡುತ್ತಿದ್ದ ಕಂಪನಿ ಇನ್ನು ಮೇಲೆ ತಮ್ಮ ಗಮನ ಶಾಲೆಗಳ ಕಡೆಗೆ ಎಂದು ತಿಳಿಸಿತು. ಮಾರ್ಚ್ ಮುಗಿದರೆ ಕೇಂದ್ರಕ್ಕೆ ಬೀಗ. ಬೀಗ ಬಿದ್ದರೆ ನಮ್ಮ ರೋಗಿಗಳು ವಾರಕ್ಕೆರಡು ಸಲ ಬೆಳಗಾವಿಗೆ ಹೋಗಬೇಕು. ಹೋಗಲು ಆಗುವವರು ಹೋಗುತ್ತಾರೆ, ಆಗದವರು ಕೆಲವು ದಿನ ಹೋಗಿ ಬಿಡುತ್ತಾರೆ. ಬಿಟ್ಟರೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನನಗಂತೂ ಊಟ ಸೇರುತ್ತಿರಲಿಲ್ಲ.

ಕೊನೆಗೆ ಹುಕ್ಕೇರಿ ತಾಲೂಕಿನ ಒಂದು ಕಾರ್ಖಾನೆಯವರು ಬಂದು ನೋಡುತ್ತೇವೆ ಎಂದರು. ಬರುವವರು ಬೆಂಗಳೂರಿನ ಒಬ್ಬ ಮೇಡಂ. ಅವರು ಬರೆದ ವರದಿಯ ಮೇಲೆಯೇ ತೀರ್ಮಾನ. ನಾನು ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳಿಗೆ ಪಾಠ ಹೇಳಿದೆ. ನಾಚಿಕೆ ಬಿಡ್ರಿ, ಅವರು ಕೇಳಿದರೆ ಇದ್ದ ತ್ರಾಸು ಇದ್ದ ಹಾಗೆ ಹೇಳ್ರಿ ಎಂದೆ. ಎಲ್ಲರೂ ಗೋಣು ಹಾಕಿದರು. ಕಾಕಾ ಎಲ್ಲರಿಗಿಂತ ಜೋರಾಗಿ ಹಾಕಿದರು.

ಮೇಡಂ ಬರುವ ಬುಧವಾರ ಬೆಳಿಗ್ಗೆ ಕೇಂದ್ರದ ಬಾಗಿಲಲ್ಲಿ ಕಾಲಿಟ್ಟವಳೇ ತಲೆ ಹಿಡಿದುಕೊಂಡೆ. ತಮ್ಮ ಪಾಳಿ ಅಲ್ಲದವರೂ ಬಂದಿದ್ದರು. ಎಲ್ಲರೂ ಮದುವೆಗೆ ಹೊರಟವರ ಹಾಗೆ ತಯಾರಾಗಿದ್ದರು. ಹೆಂಗಸರು ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದು ಉಟ್ಟಿದ್ದರು. ಸೂಜಿ ಚುಚ್ಚಿ ಚುಚ್ಚಿ ಗಂಟಾದ ತೋಳು ಕಾಣದ ಹಾಗೆ ಸೆರಗು ಹೊದ್ದಿದ್ದರು. ಕಾಕಾ ಹೊಸ ರುಮಾಲು ಸುತ್ತಿ, ಮನೆಯಲ್ಲಿ ನೇಯ್ದ ಕರಿಯ ಕಂಬಳಿಯನ್ನು ಕುರ್ಚಿಯ ಮೇಲೆ ಹಾಸಿಟ್ಟಿದ್ದರು. ಅದು ಮೇಡಂ ಅವರಿಗಂತೆ. ಅವರ ಮನೆತನದಲ್ಲಿ ಬೀಗರು ಬಂದರೆ ಹಾಸುವ ಕಂಬಳಿ ಅದು.

ಮೇಡಂ ಬಂದರು. ಒಳ್ಳೆಯ ಹೆಂಗಸು, ಗತ್ತಿನವರಲ್ಲ. ಕಂಬಳಿಯ ಮೇಲೆ ಕುಳಿತು, ಚಹಾ ಬಂದಾಗ ನೀವೂ ತೊಗೊಳ್ಳಿ ಎಂದರು. ಕಿಡ್ನಿ ಕೆಟ್ಟವರಿಗೆ ದಿನದ ನೀರೆಲ್ಲ ಅಳತೆಯದು. ಆದರೆ ಬಂದವರು ಒಬ್ಬರೇ ಕುಡಿಯುವುದುಂಟೇ? ಕಾಕಾ ಪೂರ್ತಿ ಒಂದು ಲೋಟ ಕುಡಿದರು. ನಾನು ಬೇಡವೆಂದು ಕಣ್ಣು ಬಿಟ್ಟೆ, ಅವರು ನೋಡಲಿಲ್ಲ.

ಆಮೇಲೆ ಮೇಡಂ ಪೆನ್ನು ತೆಗೆದು ಕೇಳಿದರು. "ಹೇಳಿ, ಮುಚ್ಚುಮರೆ ಬೇಡ. ಇಲ್ಲಿ ನಿಮಗೆ ಏನು ಕೊರತೆ ಇದೆ?"

ಎಲ್ಲರೂ ಕಾಕಾ ಕಡೆ ನೋಡಿದರು. ಕಾಕಾ ರುಮಾಲು ಸರಿಪಡಿಸಿಕೊಂಡು, "ಏನೂ ಕಡಿಮಿ ಇಲ್ರಿ. ನಿಮ್ಮಂಥವರ ಆಶೀರ್ವಾದದಿಂದ ಎಲ್ಲಾ ಚಲೋ ಐತ್ರಿ" ಎಂದುಬಿಟ್ಟರು. ಅವರ ಹಿಂದೆಯೇ ಬಾಕಿಯವರು. ಏನೂ ಇಲ್ರಿ, ಆರಾಮ ಅದೇವ್ರಿ, ಊಟಾ ಮಾಡಕೊಂಡ ಹೋಗ್ರಿ... ನಾನು ಬಾಯಿ ಹಾಕಿ ಮಾರ್ಚ್ ತಿಂಗಳ ಮಾತು ತೆಗೆದೆ. ಮೇಡಂ ನಕ್ಕು, ನಿಮ್ಮ ಅರ್ಜಿ ಓದಿದ್ದೇನೆ, ನನಗೆ ಇವರ ಬಾಯಿಂದ ಕೇಳಬೇಕಿತ್ತು ಎಂದರು.

ಕಾರು ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಬೇಜಾರು ಮಾಡ್ಕೋಬೇಡಿ. ಚೆನ್ನಾಗಿ ನಡೆಸ್ತಾ ಇದ್ದೀರಿ. ಆದರೆ ಇದಕ್ಕಿಂತ ಕಷ್ಟದಲ್ಲಿರೋ ಕಡೆ ಮೊದಲು ಕೊಡಬೇಕಾಗುತ್ತೆ. ನಾಳೆ ಸಂಜೆ ಒಳಗೆ ವರದಿ ಕಳಿಸಿ ಹೊರಡ್ತೀನಿ."

ಕಾರು ಹೋದ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. "ಯಾಕ್ರಿ ಕಾಕಾ, ನಾ ಹೇಳಿದ್ದೇನು, ನೀವು ಆಡಿದ್ದೇನು? ಬಾಗಲಾ ಮುಚ್ಚೂದ ಬೇಕಾಗೇತೇನು ನಿಮಗ?"

ಅವರು ಕಂಬಳಿ ಮಡಚುತ್ತಿದ್ದರು. "ಬಂದವರ ಮುಂದ ನಮ್ಮ ತ್ರಾಸ ಹೆಂಗ ಹೇಳೂದವಾ ತಂಗಿ? ನಮ್ಮ ಕಂಬಳಿ ಮ್ಯಾಲ ಕುಂತಾರ, ನಮ್ಮ ಚಾ ಕುಡದಾರ. ಆಗ ಬೇಡಿದ್ರ ಚಾಕ್ಕ ಬೆಲಿ ಕಟ್ಟಿದಂಗ ಆಗತೈತಿ."

"ಹಂಗಾರ ಯಾವಾಗ ಹೇಳವರು ನೀವು?"

"ಅವರ ಮನಿಗೆ ನಾವು ಹೋದಾಗ. ಬೇಡಾವ ಹೋಗಬೇಕವಾ, ಕೊಡಾವ ಬರಬಾರದು." ಮೇಡಂ ಅವರ ಕಾರು ಹೋದ ದಾರಿ ನೋಡುತ್ತ ಕೇಳಿದರು. "ಆ ಬಾಯಾರು ಇಳಕೊಂಡಿದ್ದು ಎಲ್ಲಿ?"

ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ, ಬೆಲ್ಲದ ಬಾಗೇವಾಡಿ ದಾಟಿದ ಮೇಲೆ ಎಂದು ಸಿಟ್ಟಿನಲ್ಲಿಯೇ ಹೇಳಿ ಒಳಗೆ ಹೋದೆ. ಆ ಪ್ರಶ್ನೆ ಯಾಕೆ ಬಂತು ಎಂದು ಆಗ ತಲೆಗೆ ಹೋಗಲಿಲ್ಲ.

ಮರುದಿನ ಗುರುವಾರ. ಕಿಟಕಿ ಪಕ್ಕದ ಹಾಸಿಗೆ ಖಾಲಿ ಇತ್ತು. ಕಾಕಾ ಪಾಳಿ ತಪ್ಪಿಸಿದವರೇ ಅಲ್ಲ. ಟೆಕ್ನಿಷಿಯನ್ ಯಂತ್ರ ತಯಾರಿಟ್ಟು ಹೊರಗೂ ಒಳಗೂ ತಿರುಗುತ್ತಿದ್ದ. ಸೋಮವಾರದಿಂದ ಮೈಯಲ್ಲಿ ತುಂಬಿದ ನೀರು, ಅದರ ಮೇಲೆ ನಿನ್ನೆಯ ಚಹಾ. ಮಗನಿಗೆ ಫೋನು ಮಾಡಿದೆ. "ಮುಂಜಾನಿ ಗೋಕಾಕ ಬಸ್ಸಿಗೆ ಹೋದ್ರಲ್ರಿ. ದವಾಖಾನಿ ಗಾಡಿ ಇವತ್ತ ಅಲ್ಲಿಂದ ಐತಿ ಅಂದ್ರು" ಎಂದ. ನಮ್ಮಲ್ಲಿ ಅಂಥ ಗಾಡಿಯೇ ಇರಲಿಲ್ಲ. ನಿನ್ನೆ ಅವರು ಕೇಳಿದ ಪ್ರಶ್ನೆ ಆಗ ಅರ್ಥವಾಯಿತು.

ಮೂಡಲಗಿಯಿಂದ ಒಂದು ಬಾಡಿಗೆ ಕಾರು ಮಾಡಿಕೊಂಡು ಹೊರಟೆ. ಗೋಕಾಕದಲ್ಲಿ ಬಸ್ ಸ್ಟ್ಯಾಂಡಿನ ಬದಿಯ ಕರದಂಟಿನ ಅಂಗಡಿಯವನು ನನ್ನ ಪರಿಚಯದವನು. ಕಂಬಳಿ ಹೊದ್ದ ಹಿರಿಯರನ್ನು ನೋಡಿದೆಯಾ ಎಂದು ಕೇಳಿದೆ. ನೋಡಿದ್ದ. ಒಂದು ಡಬ್ಬಿ ಕಟ್ಟಿಸಿಕೊಂಡರಂತೆ. ರುಚಿಗೆ ಒಂದು ತುಣುಕು ಕೊಟ್ಟರೆ ಮೂಗಿಗೆ ಹಿಡಿದು ವಾಸನೆ ನೋಡಿ, ತಿರುಗಿ ತಟ್ಟೆಯಲ್ಲಿಟ್ಟರಂತೆ. ಅದರೊಳಗಿನ ಒಣಹಣ್ಣು, ಬೀಜ ಕಿಡ್ನಿ ಕೆಟ್ಟವರ ಪಾಲಿಗೆ ವಿಷ ಎಂದು ನಾವೇ ಹೇಳಿಕೊಟ್ಟಿದ್ದೆವು. ಇಷ್ಟು ಪಥ್ಯ ಮಾಡುವ ಮನುಷ್ಯ ಡಯಾಲಿಸಿಸ್ ಬಿಟ್ಟು ಬಸ್ಸು ಹತ್ತಿದ್ದರು... ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಒಂದೊಂದನ್ನು ದಾಟುವಾಗಲೂ ನಾನು ಮುಂದಿನ ಸೀಟನ್ನು ಗಟ್ಟಿ ಹಿಡಿದು ಕೂರುತ್ತಿದ್ದೆ. ಅವರು ದಾರಿಯಲ್ಲೇ ಎಲ್ಲಾದರೂ ಕುಸಿದಿದ್ದರೆ ಯಾರು ಗುರುತು ಹಿಡಿಯಬೇಕು ಎಂಬುದೊಂದೇ ವಿಚಾರ.

ಕಾರ್ಖಾನೆಯ ಗೇಟಿನ ಪಕ್ಕ, ಬೇವಿನ ಗಿಡದ ಕೆಳಗೆ ಒಂದು ಕಲ್ಲಿನ ಮೇಲೆ ಕುಳಿತಿದ್ದರು. ಹೆಗಲ ಮೇಲೆ ಕಂಬಳಿ, ತೊಡೆಯ ಮೇಲೆ ಡಬ್ಬಿ. ಉಸಿರು ಮೇಲುಮೇಲೆ ಬರುತ್ತಿತ್ತು, ಪಾದಗಳು ಬಾತು ಚಪ್ಪಲಿಯಿಂದ ಹೊರಗೆ ಬಂದಿದ್ದವು. ವಾಚ್‌ಮನ್ ನನ್ನನ್ನು ನೋಡಿ, "ನಿಮ್ಮವರೇನ್ರಿ? ಒಳಗ ಬಿಡಾಕ ಹುಕುಮ್ ಇಲ್ರಿ. ನೀರ ಕೊಟ್ರ ಒಲ್ಲೆ ಅಂತಾರ. ನನಗ ಅಂಜಿಕಿ ಬರಾಕತ್ತೈತ್ರಿ" ಎಂದ.

ನಾನು ಅವರ ತೋಳು ಹಿಡಿದೆ. "ಏಳ್ರಿ ಕಾಕಾ. ಬೆಳಗಾವಿಗೆ ಹೋಗೂಣು, ಈಗಿಂದೀಗ."

"ಬಾಯಾರನ್ನ ಕಂಡು ಹೋಗೂಣು."

"ಸತ್ತಗಿತ್ತ ಹೋದೀರಿ."

"ಸಾಯಬಾರದಂತನ ಬಂದೇನವಾ" ಎಂದರು.

ಮೇಡಂ ಅವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕಾಕಾ ಕಣ್ಣು ಮುಚ್ಚಿ ಕುಳಿತಿದ್ದರು. ವಾಚ್‌ಮನ್ ತನ್ನ ಕುರ್ಚಿಯನ್ನೇ ತಂದು ಅವರ ಬೆನ್ನಿಗೆ ಆಸರೆ ಮಾಡಿದ. ಇನ್ನು ಎತ್ತಿಕೊಂಡಾದರೂ ಹೋಗಬೇಕು ಎಂದು ನಾನು ಡ್ರೈವರನನ್ನು ಕರೆಯುವಷ್ಟರಲ್ಲಿ ಒಳಗಿನಿಂದ ಮೇಡಂ ನಡೆದುಕೊಂಡೇ ಬಂದರು, ಫೋನು ಕೈಯಲ್ಲಿ ಹಿಡಿದು.

ಕಾಕಾ ಎದ್ದು ನಿಂತರು. ಹೇಗೆ ಎದ್ದರೋ. ಡಬ್ಬಿಯನ್ನು ಎರಡೂ ಕೈಯಿಂದ ಅವರ ಕೈಗೆ ಕೊಟ್ಟರು. ಆಮೇಲೆ ಹೇಳಿದರು. "ನಿನ್ನಿ ನೀವು ನಮ್ಮ ಮನಿಗೆ ಬಂದಿದ್ರಿ, ಹೇಳಾಕ ಆಗಲಿಲ್ರಿ. ಇವತ್ತ ನಾ ನಿಮ್ಮ ಮನಿಗೆ ಬಂದೇನಿ. ಮಂದಿಗೆ ವಾರಕ್ಕ ಏಳ ದಿನ ಇರತಾವ್ರಿ. ನಮಗ ಎರಡ ಅದಾವು. ಆ ಎರಡ ಕಡಿಮಿ ಆಗಾಕತ್ತಾವ್ರಿ ಬಾಯಾರ."

ಮೇಡಂ ಕಾಕಾ ಅವರ ಬಾತ ಪಾದ ನೋಡಿದರು, ನನ್ನ ಮುಖ ನೋಡಿದರು. "ಇವತ್ತು ಇವರದು ಡಯಾಲಿಸಿಸ್ ದಿನ ಅಲ್ವಾ?" ಎಂದು ಕೇಳಿದರು. ಹೌದೆಂದೆ. ಮುಂದೆ ಏನೂ ಕೇಳಲಿಲ್ಲ. ಕಾರ್ಖಾನೆಯ ಆಂಬುಲೆನ್ಸ್ ತರಿಸಿ, ಆಕ್ಸಿಜನ್ ಹಚ್ಚಿಸಿ, ತಾವೂ ಹತ್ತಿ ಬೆಳಗಾವಿಯ ಆಸ್ಪತ್ರೆಯತನಕ ಬಂದರು. ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕುಳಿತೇ ತಮ್ಮ ವರದಿಯನ್ನು ಹೊಸದಾಗಿ ಬರೆದರು.

ದುಡ್ಡು ಬಂತು. ಕೇಂದ್ರಕ್ಕೆ ಬೀಗ ಬೀಳಲಿಲ್ಲ. ಕಾಕಾ ಮತ್ತೆ ಕಿಟಕಿ ಪಕ್ಕ ಮಲಗಿ ಕುರಿಗಳ ಟೀಕೆ ಮಾಡಿದರು, ಮೊಮ್ಮಗಳ ಮದುವೆ ಮಾಡಿದರು. ಆ ಕಾರ್ಖಾನೆಯವರ ಹೆಸರಿನ ಬೋರ್ಡು ಹಚ್ಚುವ ದಿನ ಸತ್ಕಾರಕ್ಕೆ ಮುಂದೆ ಕರೆದರೆ, ಪಾಳಿ ಐತಿ ಎಂದು ಎದ್ದೇ ಬರಲಿಲ್ಲ. ಎರಡನೆಯ ಮಳೆಗಾಲದಲ್ಲಿ, ಒಂದು ಶನಿವಾರ, ಮನೆಯಲ್ಲಿ ಮಲಗಿದ್ದಲ್ಲೇ ಹೋದರು. ಗುರುವಾರ ಬಂದು ಹೋಗಿದ್ದರು. ಸೋಮವಾರ ಟೆಕ್ನಿಷಿಯನ್ ರೂಢಿಯಂತೆ ಆ ಯಂತ್ರ ತಯಾರಿಟ್ಟುಬಿಟ್ಟಿದ್ದ... ಆಮೇಲೆ ಆ ಹಾಸಿಗೆ ಬೇರೆಯವರಿಗೆ ಹೋಯಿತು. ಕಾಯುವವರು ಬಹಳ ಜನ ಇದ್ದರು. ಆದರೂ ಆ ಹಾಸಿಗೆಯಲ್ಲಿ ಬೇರೆಯವರನ್ನು ನೋಡಿದಾಗ ನನಗೆ ಅಳು ಬಂತು.

ಈಗ ಕಾರ್ಖಾನೆಯೊಂದಿಗಿನ ಕರಾರು ಮುಗಿಯುತ್ತ ಬಂದಿದೆ. ಆ ಮೇಡಂ ಕೆಲಸ ಬಿಟ್ಟು ಹೋಗಿದ್ದಾರೆ. ಹೊಸ ಸಾಹೇಬರು ಹೋದ ವಾರ ಮೂಡಲಗಿಗೆ ಬಂದು, ಅದೇ ಪ್ರಶ್ನೆ ಕೇಳಿದರು. ಈ ಸಲ ನಾನು ಯಾರಿಗೂ ಪಾಠ ಹೇಳಿರಲಿಲ್ಲ. ಎಲ್ಲರೂ ಒಳ್ಳೆಯ ಬಟ್ಟೆ ಉಟ್ಟುಕೊಂಡು ಬಂದು, ಏನೂ ಕಡಿಮಿ ಇಲ್ರಿ ಎಂದರು. ಸಾಹೇಬರು ಅದನ್ನೇ ಬರೆದುಕೊಂಡರು. ನಾನು ಅವರು ಇಳಿದುಕೊಂಡ ಜಾಗ ಕೇಳಿಟ್ಟುಕೊಂಡೆ.

ಗೇಟಿನ ಬಳಿ ಬಸ್ಸು ಇಳಿದಾಗ ಅದೇ ವಾಚ್‌ಮನ್ ಇದ್ದ. ತಲೆ ನರೆತಿದೆ. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಗುರುತು ಹಿಡಿದು, ನನ್ನ ಹಿಂದೆ ರಸ್ತೆಯ ಕಡೆ ಇಣುಕಿದ.

"ಕಂಬಳಿ ಕಾಕಾ ಬರಲಿಲ್ಲೇನ್ರಿ?"

"ಇಲ್ರಿ. ಅವರು ತೀರಕೊಂಡ್ರು."

ಅವನು ಒಳಗೆ ಹೋಗಿ ಸಾಹೇಬರಿಗೆ ಫೋನು ಹಚ್ಚಿದ. ನಾನು ಬೇವಿನ ಗಿಡದ ಕೆಳಗಿನ ಆ ಕಲ್ಲಿನ ಮೇಲೆ ಡಬ್ಬಿ ಇಟ್ಟುಕೊಂಡು ಕುಳಿತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ, ಕಾಕಾ ಆಡಿದ ಮಾತನ್ನೇ. ಅಲ್ಲಿ ಕುಳಿತ ಮೇಲೆ ಗೊತ್ತಾಯಿತು, ಆ ಮಾತು ನನ್ನ ಬಾಯಲ್ಲಿ ಸುಳ್ಳಾಗುತ್ತದೆ. ನನಗೆ ವಾರದ ಏಳೂ ದಿನ ಇವೆ.