ಸರಾಸರಿಗಿಂತ ಕೆಳಗಿನ ಕುರ್ಚಿ

ಪಕ್ಕದ ಮನೆಯ ಹುಡುಗಿಗೆ ನಾನಿಟ್ಟ ಹೆಸರು ಮ್ಯಾನೇಜರಮ್ಮ. ಡಿಗ್ರಿಯಲ್ಲಿ ಮಾರ್ಕ್ಸು ಕಡಿಮೆ, ಎಂಬಿಎ ಓದುವ ಆಸೆ ಮಾತ್ರ ಮುಗಿಲೆತ್ತರ. ಸಂಜೆ ಕೆಲಸದಿಂದ ಬಂದವಳೇ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತು, ಹುಳುಕಿಲ್ಲದ ಬದನೆಕಾಯಿ ಆರಿಸುವವಳ ಹಾಗೆ ಕಾಲೇಜುಗಳನ್ನು ತಿರುವಿ ತಿರುವಿ ನೋಡುತ್ತಾಳೆ. “ನೋಡಜ್ಜಿ, ಇಲ್ಲಿ ಸೇರಿದವರ ಸರಾಸರಿ ಮಾರ್ಕ್ಸು ಎಪ್ಪತ್ತೆಂಟಂತೆ. ಸರಾಸರಿ ಅಂದ್ಮೇಲೆ ಅದಕ್ಕಿಂತ ಕೆಳಗೂ ಯಾರೋ ಪುಣ್ಯಾತ್ಮ ಇರ್ಲೇಬೇಕಲ್ವಾ? ಅವನ ಪಕ್ಕದ ಕುರ್ಚಿ ನಂದು!” ಎನ್ನುತ್ತಾಳೆ. ಬೆಳಗಾದರೆ, “ಅಲ್ಲಿ ಚಳಿ ಜಾಸ್ತಿಯಂತೆ” ಎಂದು ಅದನ್ನು ಪಟ್ಟಿಯಿಂದ ಬಿಡುತ್ತಾಳೆ. ಸಂಜೆ ಮತ್ತೆ ಸೇರಿಸುತ್ತಾಳೆ. ಮಾರ್ಕ್ಸು ಯಾಕೆ ಕಡಿಮೆಯಾಯಿತೆಂದು ಎಲ್ಲ ಕಾಲೇಜುಗಳೂ ಅರ್ಜಿಯಲ್ಲಿ ಕೇಳುತ್ತವೆ. ಅದಕ್ಕೆ ಇವಳ ಬಳಿ ನೆಪಗಳ ಸಂತೆಯೇ ಇದೆ: ಮೇಷ್ಟ್ರ ದನಿ ಜೋಗುಳದಂತಿತ್ತು, ಬೆಂಚು ಕಿಟಕಿಯ ಪಕ್ಕವಿತ್ತು. ನಿಜ ನನಗೆ ಗೊತ್ತು. ಆ ವರ್ಷಗಳಲ್ಲಿ ಇವಳಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು. ‘ನೀರು’, ‘ಬಾಗಿಲು’, ‘ಮಗಳು’ ಎಂದು ಇವಳು ಒಂದೊಂದೇ ಪದ ಹೇಳಿಕೊಡುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. “ಅದನ್ನೇ ಬರಿಯೇ” ಎಂದರೆ, “ಅಪ್ಪನ ಕಾಯಿಲೆ ತೋರಿಸಿ ಸೀಟು ಕೇಳ್ಲಾ? ಹೋಗಜ್ಜಿ” ಎನ್ನುತ್ತಿದ್ದಳು. ನಿನ್ನೆಯೂ ಹಾಗೆಂದು, ತನಗೆ ತೀರಾ ಇಷ್ಟವಾದ ಕಾಲೇಜನ್ನೇ ಬಿಡಲು ಹೊರಟಳು. ಆಗ ಒಳಗಿನಿಂದ ಅಪ್ಪನ ದನಿ ತಡವರಿಸುತ್ತ ಬಂತು: “ಕಾಯಿಲೆ... ಬೇಡ. ನನ್ನ... ಮಾತು ಬರಿ. ನೀನು... ಕಲಿಸಿದ್ದು.” ಮ್ಯಾನೇಜರಮ್ಮ ಮೂಗೊರೆಸಿಕೊಂಡಳು. “ನೋಡಿದ್ಯಾ ಅಜ್ಜಿ, ನನ್ನ ಶಿಷ್ಯ ನಂಗೇ ಪಾಠ ಹೇಳ್ತಿದಾನೆ!” ಎಂದು ನಗುತ್ತ, ಬರೆಯತೊಡಗಿದಳು.